ನಾಲಿಗೆಯಿಂದ ಕೊಲ್ಲುವವನು ಬಂದಾಗ: 'ಡ್ರ್ಯಾಗನ್ ಬಾಲ್' ನಗಿಸುತ್ತಲೇ ಹೆದರಿಸಿದ ಬಗೆ

ನಗಿಸುವ ಕಥೆಯೊಳಗೆ ನಿಜವಾಗಿ ಹೆದರಿಸುವ ಎದುರಾಳಿಯನ್ನು ತರುವುದು ಬಹಳ ಕಷ್ಟದ ಕೆಲಸ. ಹಾಸ್ಯದ ಲೋಕದಲ್ಲಿ ಹೊಡೆತಕ್ಕೆ ಬೆಲೆ ಇರುವುದಿಲ್ಲ. ತಲೆಗೆ ಬಂಡೆ ಬಿದ್ದರೆ ಬೋರೆ ಏಳುತ್ತದೆ, ಮುಂದಿನ ದೃಶ್ಯದಲ್ಲಿ ಅದೂ ಇರುವುದಿಲ್ಲ. ಬೆಂಕಿ ತಗುಲಿದರೆ ಮುಖ ಕಪ್ಪಾಗುತ್ತದೆ, ಅಷ್ಟೇ. ಇಂಥ ಲೋಕಕ್ಕೆ ಎಂಥ ಭೀಕರ ಖಳನನ್ನು ತಂದು ನಿಲ್ಲಿಸಿದರೂ ನೋಡುವವರಿಗೆ ಗೊತ್ತಿರುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಎಂದು. ಹಾಗೆಂದು ಹಾಸ್ಯವನ್ನು ಒಮ್ಮೆಲೇ ನಿಲ್ಲಿಸಿ ಎಲ್ಲರ ಮುಖ ಗಂಭೀರ ಮಾಡಿದರೆ ಅದು ಬೇರೆಯದೇ ಕಥೆಯಾಗಿಬಿಡುತ್ತದೆ. ನೋಡುಗರು ಬಂದದ್ದು ಆ ಕಥೆಗಲ್ಲ.

ಈ ತೊಡಕನ್ನು ಬಿಡಿಸಿದ ರೀತಿಗೆ ಅನಿಮೆ (ಜಪಾನಿ ಅನಿಮೇಷನ್) ಲೋಕದಲ್ಲಿ ಒಳ್ಳೆಯ ಉದಾಹರಣೆ 'ಡ್ರ್ಯಾಗನ್ ಬಾಲ್' ಸರಣಿಯಲ್ಲಿ ಬರುವ ತಾವೋ ಪೈ ಪೈ ಎಂಬ ಬಾಡಿಗೆ ಕೊಲೆಗಾರನ ಮೊದಲ ಪ್ರವೇಶ. ಅಕಿರಾ ತೋರಿಯಾಮಾ ಅವರ ಮೂಲ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, 1984ರ ಕೊನೆಯಲ್ಲಿ 'ವೀಕ್ಲಿ ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಶುರುವಾಯಿತು. ತೋಎಯ್ ಅನಿಮೇಷನ್ ಮಾಡಿದ ಟಿವಿ ಸರಣಿ 1986ರ ಫೆಬ್ರವರಿ 26ರಿಂದ 1989ರ ಏಪ್ರಿಲ್ 19ರವರೆಗೆ 153 ಕಂತುಗಳಲ್ಲಿ ಫ್ಯೂಜಿ ಟಿವಿಯಲ್ಲಿ ಬಂತು. ತಾವೋನ ಕಂತುಗಳು ಪ್ರಸಾರವಾದದ್ದು 1987ರಲ್ಲಿ.

ನಮ್ಮಲ್ಲಿ ಹೆಚ್ಚಿನವರಿಗೆ ಈ ಪಾತ್ರದ ಪರಿಚಯವಿಲ್ಲದಿರುವುದಕ್ಕೆ ಕಾರಣವಿದೆ. 2000ರ ದಶಕದ ಆರಂಭದಲ್ಲಿ ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದವರಿಗೆ ಕಥಾನಾಯಕ ಗೋಕು ಸಿಕ್ಕಿದ್ದು ಮುಂದಿನ ಸರಣಿ 'ಡ್ರ್ಯಾಗನ್ ಬಾಲ್ ಝಡ್' ಮೂಲಕ. ಅಷ್ಟು ಹೊತ್ತಿಗೆ ಗೋಕು ಮದುವೆಯಾಗಿ ಒಬ್ಬ ಮಗನ ತಂದೆ. ಆ ಸರಣಿಯಲ್ಲಿ ಸಾವು, ಲೋಕನಾಶ ಎಲ್ಲವೂ ಮಾಮೂಲು. ಬಾಲ ಹೊತ್ತ ಹುಡುಗ ಗೋಕು ಮೋಡದ ಮೇಲೆ ಕೂತು ತಿರುಗುತ್ತಿದ್ದ ಮೊದಲ ಸರಣಿ ಹಾಗಿರಲಿಲ್ಲ. ಅದರ ಹಾಸ್ಯ ಎಷ್ಟು ದಟ್ಟವಾಗಿತ್ತು ಎಂಬುದು ಗೊತ್ತಿದ್ದರೆ ಮಾತ್ರ ತಾವೋ ಬಂದಾಗ ಆದದ್ದೇನು ಎಂಬುದು ಅರ್ಥವಾಗುತ್ತದೆ.

ಅಲ್ಲಿಯವರೆಗಿನ ಲೋಕ

ತೋರಿಯಾಮಾ ಇದಕ್ಕೆ ಮೊದಲು ಬರೆದದ್ದು 'ಡಾಕ್ಟರ್ ಸ್ಲಂಪ್', ಅಪ್ಪಟ ಹಾಸ್ಯ. ಅದರ ಅನಿಮೆ ಮುಗಿದ ಮರುವಾರವೇ, ಅದೇ ಬುಧವಾರ ಸಂಜೆ 7ರ ಹೊತ್ತಿಗೆ 'ಡ್ರ್ಯಾಗನ್ ಬಾಲ್' ಶುರುವಾಯಿತು. ನೋಡುವವರೂ ಅವರೇ, ರೂಢಿಯೂ ಅದೇ. ಪಿಲಾಫ್‌ನಂಥ ಖಳರು ಲೋಕವನ್ನು ಆಳಲು ಹೊರಟು ಪ್ರತಿ ಸಲ ನಗೆಪಾಟಲಾಗುತ್ತಿದ್ದರು. ಗೋಕು ಸೋತದ್ದೂ ಇತ್ತು. ತೆನ್ಕಾಯ್ಚಿ ಬುದೋಕಾಯ್ ಎಂಬ ಸಮರಕಲೆಯ ಪಂದ್ಯಾವಳಿಯ ಫೈನಲ್‌ನಲ್ಲಿ, ಜ್ಯಾಕಿ ಚುನ್ ಎಂಬ ಹೆಸರಲ್ಲಿ ವೇಷ ಮರೆಸಿಕೊಂಡು ಬಂದಿದ್ದ ಸ್ವಂತ ಗುರುವಿನ ಕೈಯಲ್ಲಿ. ಇಬ್ಬರೂ ಒಟ್ಟಿಗೇ ಒದ್ದರು, ಗುರುವಿನ ಕಾಲು ಉದ್ದ, ಹುಡುಗನದು ಗಿಡ್ಡ. ಸೋಲಿಗೆ ಕಾರಣ ಇಷ್ಟೇ. ಆ ಸೋಲು ಕೂಡ ನಗುವಿನ ಒಳಗೇ ಇತ್ತು.

ನಂತರ ಬಂದದ್ದು ರೆಡ್ ರಿಬ್ಬನ್ ಸೇನೆಯ ಕಥಾಭಾಗ. ಸೇನೆ ಏಳು ಡ್ರ್ಯಾಗನ್ ಬಾಲ್‌ಗಳನ್ನು, ಅಂದರೆ ಏಳೂ ಸೇರಿದರೆ ವರ ಕೊಡುವ ಮಾಯಾಗೋಲಿಗಳನ್ನು, ಹುಡುಕುತ್ತಿದೆ. ಗೋಕುಗೆ ಬೇಕಾದದ್ದು ಅವುಗಳಲ್ಲಿ ಒಂದೇ: ಅಜ್ಜ ಬಿಟ್ಟುಹೋದ ನಾಲ್ಕು ನಕ್ಷತ್ರದ ಗೋಲಿ. ದಾರಿಯಲ್ಲಿ ಎದುರಾದವರು ಲೋಹದ ದೈತ್ಯ, ನಿಂಜಾ, ಬುಯೋನ್ ಎಂಬ ಮೆತ್ತನೆ ಮೈಯ ಪ್ರಾಣಿ. ಇವರೆಲ್ಲರಿಗಿಂತ ಬಲಶಾಲಿ ಜನರಲ್ ಬ್ಲೂ. ಕಣ್ಣೋಟದಿಂದಲೇ ಎದುರಾಳಿಯ ಮೈಯನ್ನು ಮರಗಟ್ಟಿಸಬಲ್ಲವನು. ಗೋಕು ಅವನೆದುರು ಅಲುಗಾಡಲಾಗದೆ ನಿಂತು, ಉಳಿದುಕೊಂಡದ್ದು ಒಂದು ಇಲಿಯಿಂದ. ಬ್ಲೂಗೆ ಇಲಿ ಕಂಡರೆ ಜೀವ ಹೋಗುವಷ್ಟು ಭಯ.

ಬ್ಲೂ ಮುಂದೆ ಗೋಲಿಗಳನ್ನು ಕದ್ದು ಹಾರುತ್ತಾ ಪೆಂಗ್ವಿನ್ ಗ್ರಾಮಕ್ಕೆ ಬಂದು ಬೀಳುತ್ತಾನೆ. ಅದು 'ಡಾಕ್ಟರ್ ಸ್ಲಂಪ್' ಕಥೆಯ ಊರು. ಅಲ್ಲಿನ ಯಂತ್ರಬಾಲಕಿ ಅರಾಲೆ ಅವನಿಗೆ ತಲೆಯಿಂದ ಒಂದು ಗುದ್ದು ಗುದ್ದುತ್ತಾಳೆ. ಬ್ಲೂ ಆಕಾಶ ಸೀಳಿಕೊಂಡು ದೇಶಾಂತರ ಹಾರಿಹೋಗುತ್ತಾನೆ. ಸಾಯುವುದಿಲ್ಲ. ಹಾಸ್ಯದ ನಿಯಮ ಅವನನ್ನು ಕಾಪಾಡುತ್ತದೆ. ಈ ಗುದ್ದನ್ನು ನೆನಪಿಟ್ಟುಕೊಳ್ಳಬೇಕು. ತಾವೋನ ಪ್ರವೇಶಕ್ಕೆ ನಿಜವಾದ ಪೀಠಿಕೆ ಇದೇ.

ಪ್ರವೇಶ

ಹೊಡೆಸಿಕೊಂಡು ಬಂದ ಬ್ಲೂಗೆ ಸೇನೆಯ ಮುಖ್ಯಸ್ಥ ಕಮಾಂಡರ್ ರೆಡ್ ಒಂದೇ ದಾರಿ ಕೊಡುತ್ತಾನೆ. ಹೊಸದಾಗಿ ಕರೆಸಿರುವ ಕೊಲೆಗಾರನನ್ನು ಗೆದ್ದರೆ ಜೀವ ಉಳಿಯುತ್ತದೆ. ಆ ಕೊಲೆಗಾರ ಕೈ ಎತ್ತುವುದಿಲ್ಲ. ನಾಲಿಗೆಯೊಂದೇ ಸಾಕು ಎನ್ನುತ್ತಾನೆ. ನಾಲಿಗೆಯ ತುದಿಯನ್ನು ಬ್ಲೂನ ಕಣತಲೆಗೆ ಚುಚ್ಚುತ್ತಾನೆ. ಬ್ಲೂ ಅಲ್ಲೇ ಸತ್ತು ಬೀಳುತ್ತಾನೆ.

ನಾಲಿಗೆಯಿಂದ ಕೊಲ್ಲುವುದು ಅಸಂಬದ್ಧ. ಅರಾಲೆಯ ಗುದ್ದು ಎಷ್ಟು ಅಸಂಬದ್ಧವೋ ಅಷ್ಟೇ. ಎರಡೂ ಒಂದೇ ಜಾತಿಯ ಹಾಸ್ಯದ ಕಲ್ಪನೆಗಳು, ಎರಡೂ ಒಬ್ಬನದೇ ಮೈಮೇಲೆ ಆದವು, ನಡುವಿನ ಅಂತರವೂ ಬಹಳಿಲ್ಲ. ಬದಲಾದದ್ದು ಪರಿಣಾಮವೊಂದೇ. ಮೊದಲನೆಯದರಲ್ಲಿ ಬ್ಲೂ ಬದುಕಿದ, ಎರಡನೆಯದರಲ್ಲಿ ಸತ್ತ. ತೋರಿಯಾಮಾ ಹಾಸ್ಯವನ್ನು ತೆಗೆದುಹಾಕಲಿಲ್ಲ, ಹಾಸ್ಯಕ್ಕಿದ್ದ ರಕ್ಷಣೆಯನ್ನು ತೆಗೆದುಹಾಕಿದರು. ಹಾಸ್ಯರಸ ಭಯಾನಕ ರಸಕ್ಕೆ ತಿರುಗಿದ್ದು ಈ ಒಂದು ಬದಲಾವಣೆಯಿಂದ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಜಾಣ ನಿರ್ಧಾರ ಇದು.

ತಾವೋನ ಉಳಿದೆಲ್ಲ ವಿವರಗಳೂ ಇದೇ ಸೂತ್ರದಲ್ಲಿವೆ. ಅವನು ಒಂದು ತಲೆಗೆ ತೆಗೆದುಕೊಳ್ಳುವ ದರ ಹತ್ತು ಕೋಟಿ ಜೆನಿ (ಆ ಲೋಕದ ಹಣ). ಆದರೆ ಕೊಲೆಯ ಕಸುಬಿಗಿಳಿದು 20 ವರ್ಷ ತುಂಬಿದ ಸಂಭ್ರಮಕ್ಕೆ ಈಗ ಅರ್ಧ ದರ. ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟದ ಧಾಟಿಯಲ್ಲೇ ಈ ಮಾತು ಬರುತ್ತದೆ. ಗುಲಾಬಿ ಬಣ್ಣದ ಚೀನಿ ನಿಲುವಂಗಿ, ಎದೆಯ ಮೇಲೆ 'ಕೊಲ್ಲು' ಎಂಬ ಅಕ್ಷರ, ಬೆನ್ನ ಮೇಲೆ ಇಂಗ್ಲಿಷಿನಲ್ಲಿ 'ಕಿಲ್ ಯೂ!'. ಗೋಕು ಇರುವ ಜಾಗಕ್ಕೆ ಹೋಗಲು ವಿಮಾನ ಬೇಡ ಎನ್ನುತ್ತಾನೆ. ಕಟ್ಟಡದ ಕಂಬವೊಂದನ್ನು ಕಿತ್ತು, ದಿಕ್ಕು ನೋಡಿ ಎಸೆದು, ಅದರ ಹಿಂದೆಯೇ ನೆಗೆದು ಅದರ ಮೇಲೆ ನಿಂತು ಹಾರಿಹೋಗುತ್ತಾನೆ. ಯಾವುದನ್ನು ಬಿಡಿಯಾಗಿ ತೆಗೆದರೂ ನಗು ಬರುತ್ತದೆ. ಬ್ಲೂನ ಹೆಣ ನೋಡಿದ ಮೇಲೆ ಮಾತ್ರ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಈ ಮನುಷ್ಯ ತನ್ನ ತಮಾಷೆಯನ್ನು ತಮಾಷೆ ಎಂದುಕೊಂಡಿಲ್ಲ.

ರೂಪದ ಲೆಕ್ಕಾಚಾರವೂ ಗಮನಿಸುವಂಥದ್ದು. ಹಿಂದೆ ಬಂದ ಖಳರಲ್ಲಿ ದೈತ್ಯಾಕಾರದವರಿದ್ದರು. ತಾವೋ ಸಣಕಲು, ಮೀಸೆ ಬಿಟ್ಟ, ಜಡೆ ಹೆಣೆದ ನಡುವಯಸ್ಸಿನವ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾನೆ. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದಲೇ ಅಬ್ಬರಿಸಿ, ಚೆಂಡೆಯ ಪೆಟ್ಟಿಗೆ ಮೈ ತೋರಿಸುತ್ತಾ ಬರುವುದನ್ನು ನೆನೆದರೆ ಇದು ಅದಕ್ಕೆ ನೇರ ವಿರುದ್ಧ: ಅಬ್ಬರವಿಲ್ಲ, ಆಕಾರವಿಲ್ಲ, ಬಂದವನು ಕೆಲಸ ಮುಗಿಸಿ ಹೊರಡುವ ಅವಸರದಲ್ಲಿದ್ದಾನೆ. ಜಪಾನಿ ಅನಿಮೆಯಲ್ಲಿ ಅವನಿಗೆ ದನಿ ಕೊಟ್ಟವರು ಹಿರಿಯ ಕಲಾವಿದ ಚಿಕಾವೊ ಓತ್ಸುಕಾ. ಗೋಕುಗೆ ಮಸಾಕೊ ನೊಜಾವಾ ಕೊಟ್ಟಿರುವ ಚೂಪು ಬಾಲದನಿಯ ಎದುರು ಆ ಪಳಗಿದ, ಏರಿಳಿತ ಕಡಿಮೆಯ ಗಡಸು ದನಿ ತಾನಾಗಿಯೇ ಅಂತರವನ್ನು ಕೇಳಿಸುತ್ತದೆ.

ಅಳತೆಗೋಲು ಮುರಿಯುವುದು

ಹೊಸ ಎದುರಾಳಿ ಎಷ್ಟು ಬಲಶಾಲಿ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನೋಡುಗರಿಗೆ ಈಗಾಗಲೇ ಗೊತ್ತಿರುವ ಒಂದು ಅಳತೆಗೋಲು ಬೇಕು, ಅದನ್ನು ಅವನು ಮುರಿಯಬೇಕು. ತಾವೋನ ವಿಷಯದಲ್ಲಿ ಮೂರು ಅಳತೆಗೋಲುಗಳು ಒಂದರ ಹಿಂದೆ ಒಂದು ಮುರಿಯುತ್ತವೆ, ಮತ್ತು ಆ ಕ್ರಮ ಮುಖ್ಯ.

ಮೊದಲನೆಯದು ಬ್ಲೂ. ಅವನು ಖಳನೇ ಆದ್ದರಿಂದ ಅವನ ಸಾವಿಗೆ ಯಾರೂ ಅಳುವುದಿಲ್ಲ. ಅದರಿಂದ ಸಿಗುವುದು ಬಲದ ಲೆಕ್ಕ ಮಾತ್ರ.

ಎರಡನೆಯದು ಬೋರಾ. ಕರಿನ್ ಗೋಪುರದ ಬುಡದಲ್ಲಿ ಮಗ ಊಪಾನೊಂದಿಗೆ ಬದುಕುವ, ಆ ಪವಿತ್ರ ನೆಲವನ್ನು ಕಾಯುವ ಆಜಾನುಬಾಹು. ಗೋಕು ಹುಡುಕುತ್ತಿದ್ದ ಅಜ್ಜನ ಗೋಲಿ ಸಿಕ್ಕುವುದು ಇವರ ಬಳಿಯೇ. ಅಂದರೆ ಹುಡುಗನ ಹುಡುಕಾಟ ಮುಗಿದಿದೆ, ಸಂತೋಷದ ಗಳಿಗೆ, ಮನೆಗೆ ಹೊರಡಬೇಕು ಅಷ್ಟೇ. ಕಂಬ ಬಂದು ನೆಲಕ್ಕೆ ನಾಟಿಕೊಳ್ಳುವುದು ಆಗ. ಅಡ್ಡ ನಿಂತ ಬೋರಾನನ್ನು ತಾವೋ ಮೇಲಕ್ಕೆ ಎಸೆದು, ಅವನದೇ ಈಟಿಯನ್ನು ಅವನ ಎದೆಗೆ ನಾಟಿಸುತ್ತಾನೆ. ಮಗನ ಕಣ್ಣೆದುರೇ. ಗೋಕುವಿನ ಅಜ್ಜನ ಸಾವು ಕಥೆ ಶುರುವಾಗುವ ಮೊದಲೇ ಆಗಿಹೋದದ್ದು. ನಾವು ಮೆಚ್ಚಿದ ಒಬ್ಬ ಒಳ್ಳೆಯವನು ಹೀಗೆ ಎದುರಿಗೇ ಸಾಯುವುದು ಈ ಕಥೆಯಲ್ಲಿ ಹೊಸದು. ಬ್ಲೂನ ಸಾವಿನಲ್ಲಿ ಹೆದರಿಕೆಯಷ್ಟೇ ಇತ್ತು, ಇಲ್ಲಿ ಸಂಕಟವಿದೆ. ಇವೆರಡನ್ನು ಅದಲುಬದಲು ಮಾಡಿ ನೋಡಿ: ಬೋರಾ ಮೊದಲು ಸತ್ತಿದ್ದರೆ ತಾವೋ ಕ್ರೂರಿಯಾಗಿ ಕಾಣುತ್ತಿದ್ದ, ಗೆಲ್ಲಲಾಗದವನಾಗಿ ಕಾಣುತ್ತಿರಲಿಲ್ಲ.

ಮೂರನೆಯದು ಕಾಮೆಹಾಮೆಹಾ, ಅಂಗೈಗಳಿಂದ ಹೊರಡುವ ಶಕ್ತಿಕಿರಣ. ಗೋಕುವಿನ ಕೈಯಲ್ಲಿದ್ದ ಕೊನೆಯ ಅಸ್ತ್ರ. ಅದನ್ನು ಪೂರ್ತಿ ಮೈಮೇಲೆ ತಗೊಂಡೂ ತಾವೋ ನಿಂತಿರುತ್ತಾನೆ, ಹಾಳಾದದ್ದು ನಿಲುವಂಗಿ ಮಾತ್ರ. ಅವನಿಗೆ ಸಿಟ್ಟು ಬರುವುದೂ ಬಟ್ಟೆಗಾಗಿಯೇ. ಆಮೇಲೆ ಬೆರಳ ತುದಿಯಿಂದ ಹೊರಡುವ ದೊದೊನ್‌ಪಾ ಕಿರಣ ಗೋಕುವಿನ ಎದೆಗೆ ಬಡಿಯುತ್ತದೆ. ಹುಡುಗ ಬೀಳುತ್ತಾನೆ, ಏಳುವುದಿಲ್ಲ. ಹುಡುಗ ಸತ್ತನೆಂದು ತಿಳಿದು ತಾವೋ ಗೋಲಿಗಳನ್ನು ಎತ್ತಿಕೊಂಡು ಹೊರಡುತ್ತಾನೆ.

ಗೋಕುವನ್ನು ಉಳಿಸಿದ್ದು ಅಂಗಿಯೊಳಗೆ ಎದೆಯ ಬಳಿ ಇದ್ದ ಅಜ್ಜನ ಗೋಲಿ. ಇದನ್ನು ಬರೀ ಅದೃಷ್ಟ ಎಂದು ತಳ್ಳಿಹಾಕುವಂತಿಲ್ಲ. ಇಡೀ ಕಥಾಭಾಗ ಹುಡುಕಿದ್ದು ಆ ವಸ್ತುವನ್ನೇ, ಸಿಕ್ಕಿ ಹೆಚ್ಚು ಹೊತ್ತೂ ಆಗಿಲ್ಲ. ಅದು ಅಲ್ಲಿ ಇರುವುದಕ್ಕೆ ಕಾರಣವನ್ನು ನೋಡುಗರು ಕಂತುಗಟ್ಟಲೆ ನೋಡಿದ್ದಾರೆ. ನಾಯಕನನ್ನು ಉಳಿಸುವ ವಸ್ತುವನ್ನು ಎದುರಾಳಿ ಬರುವ ಮೊದಲೇ ಕಥೆಯೊಳಗೆ ಇಟ್ಟಿರದಿದ್ದರೆ, ಉಳಿದ ಆ ಗಳಿಗೆಯಲ್ಲೇ ಹುಟ್ಟಿಸಿದ ಭಯವೆಲ್ಲ ಕರಗಿಹೋಗುತ್ತದೆ.

ಎಲ್ಲಿ ಕೆಡುತ್ತದೆ

ಈ ಬಗೆಯ ಪ್ರವೇಶಗಳು ಕೆಡುವುದು ಹೆಚ್ಚಾಗಿ ಪ್ರವೇಶದ ನಂತರ. ನಾಯಕ ಸೋತಿದ್ದಾನೆ, ಮತ್ತೆ ಗೆಲ್ಲಬೇಕು. ಗೆಲುವು ಬೇಗ ಬಂದರೆ ಮೊದಲ ಸೋಲು ಸುಳ್ಳಾಗುತ್ತದೆ. ತಡವಾದರೆ ಭಯ ಹಳಸುತ್ತದೆ.

ತೋರಿಯಾಮಾ ಇಲ್ಲಿ ಒಂದು ಗಡುವು ಇಟ್ಟರು, ಅದನ್ನೂ ಹಾಸ್ಯದೊಳಗಿಂದಲೇ ತೆಗೆದರು. ಬಟ್ಟೆ ಹಾಳಾದ ತಾವೋ ಊರಿಗೆ ಹೋಗಿ ಅಂಥದ್ದೇ ನಿಲುವಂಗಿ ಹೊಲಿದುಕೊಡು ಎನ್ನುತ್ತಾನೆ. ದರ್ಜಿ ಮೂರು ದಿನ ಬೇಕೆನ್ನುತ್ತಾನೆ. ಅಷ್ಟರಲ್ಲಿ ಒಂದು ಗೋಲಿ ಕಡಿಮೆ ಇದೆ, ಅದು ಕರಿನ್‌ನಲ್ಲೇ ಉಳಿದಿದೆ ಎಂದು ಸೇನೆಗೆ ರೇಡಾರ್‌ನಿಂದ ತಿಳಿಯುತ್ತದೆ. ತಾವೋ ವಾಪಸ್ ಬರಲೇಬೇಕು, ಆದರೆ ಬಟ್ಟೆ ಸಿದ್ಧವಾದ ಮೇಲೆ. ಇತ್ತ ಗೋಕು ಕರಿನ್ ಗೋಪುರವನ್ನು ಕೈಯಿಂದಲೇ ಹತ್ತುತ್ತಾನೆ. ತುದಿಯಲ್ಲಿ ಇರುವವನು ಬೆಕ್ಕಿನ ರೂಪದ, 800 ವರ್ಷ ದಾಟಿದ ಕರಿನ್ ಸೆನ್ನಿನ್ (ಸೆನ್ನಿನ್ ಎಂದರೆ ತಪಸ್ವಿ). ಅವನ ಕೈಯಿಂದ ಪವಿತ್ರ ಜಲದ ಪಾತ್ರೆ ಕಿತ್ತುಕೊಂಡು ಕುಡಿದರೆ ಬಲ ಬರುತ್ತದೆ ಎಂಬ ನಂಬಿಕೆ. ಗೋಕುವಿನ ಗುರು ಕಾಮೆ ಸೆನ್ನಿನ್‌ಗೆ ಅದಕ್ಕೆ ಮೂರು ವರ್ಷ ಹಿಡಿದಿತ್ತು. ಗೋಕು ಮೂರು ದಿನದಲ್ಲಿ ಕಿತ್ತುಕೊಳ್ಳುತ್ತಾನೆ. ನೀರು ಬರೀ ನೀರು. ಅದನ್ನು ಕಿತ್ತುಕೊಳ್ಳಲು ಬೆಕ್ಕಿನ ಹಿಂದೆ ಓಡಿದ್ದೇ ಸಾಧನೆ.

ಇದರ ಕಟ್ಟೋಣ ನೋಡಿ. ಮಾಯಾಜಲ ಕುಡಿದು ಬಲಿಷ್ಠನಾದ ಎಂದಿದ್ದರೆ ಗೆಲುವು ಎರವಲು ತಂದದ್ದಾಗುತ್ತಿತ್ತು. ಹೊಸ ಅಸ್ತ್ರ ಕಲಿತ ಎಂದಿದ್ದರೆ ಮೊದಲ ಸೋಲಿಗೆ ಅಸ್ತ್ರದ ಕೊರತೆಯೊಂದೇ ಕಾರಣ ಎಂದಾಗುತ್ತಿತ್ತು. ಇಲ್ಲಿ ಎರಡೂ ಇಲ್ಲ. ಅವನ ಚಲನೆ ಚುರುಕಾಗಿದೆ, ಎದುರಾಳಿಯ ಹೆಜ್ಜೆ ಓದುವುದು ಕಲಿತಿದ್ದಾನೆ. ಎರಡನೇ ಕಾಳಗದಲ್ಲಿ ಅದೇ ದೊದೊನ್‌ಪಾವನ್ನು ಅಂಗೈಯಲ್ಲಿ ತಡೆಯುತ್ತಾನೆ. ಮೊದಲ ಸಲ ಕೆಡವಿದ ಹೊಡೆತವನ್ನೇ ಎರಡನೇ ಸಲ ಮರಳಿ ತಂದದ್ದರಿಂದ ಎಷ್ಟು ಬೆಳೆದಿದ್ದಾನೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಕೊನೆಗೆ ತಾವೋ ಸೋಲೊಪ್ಪಿದಂತೆ ನಟಿಸಿ ಬಾಂಬು ಎಸೆಯುತ್ತಾನೆ. ಗೋಕು ಅದನ್ನು ಒದ್ದು ಹಿಂದಕ್ಕೆ ಕಳಿಸುತ್ತಾನೆ.

ಅನಿಮೆಗೆ ಇನ್ನೊಂದು ತೊಂದರೆ ಇತ್ತು. ಮಾಂಗಾ ವಾರವಾರ ಬರುತ್ತಿತ್ತು, ಅನಿಮೆಯೂ ವಾರವಾರ. ಒಂದು ಅಧ್ಯಾಯದ ಪುಟಗಳನ್ನು ತೆರೆಯ ಮೇಲೆ ಬೇಗ ಮುಗಿಸಿಬಿಡಬಹುದು. ಹಾಗೆ ಮಾಡಿದರೆ ಕೆಲವೇ ತಿಂಗಳಲ್ಲಿ ಮೂಲವನ್ನು ಹಿಡಿದುಬಿಡುತ್ತಾರೆ. ಆದ್ದರಿಂದ ತೋಎಯ್ ತಂಡ ಮೂಲದಲ್ಲಿಲ್ಲದ ದೃಶ್ಯಗಳನ್ನು ಸೇರಿಸಿ ಎಳೆಯುತ್ತಿತ್ತು. ಪುಟದಲ್ಲಿ ಓದುಗ ತನಗೆ ಬೇಕಾದ ವೇಗದಲ್ಲಿ ಕಣ್ಣು ಹಾಯಿಸುತ್ತಾನೆ, ನಾಲಿಗೆಯ ಹೊಡೆತ ಕೆಲವೇ ಚೌಕಗಳಲ್ಲಿ ಮುಗಿದು ಬೆಚ್ಚಿಬೀಳಿಸುತ್ತದೆ. ತೆರೆಯ ಮೇಲೆ ವೇಗ ನಿರ್ದೇಶಕರ ಕೈಯಲ್ಲಿದೆ. ದಿಟ್ಟಿಸುವ ಮುಖಗಳನ್ನು ಹೆಚ್ಚು ಹೊತ್ತು ತೋರಿಸಿದಷ್ಟೂ ಹಠಾತ್ತು ಎಂಬುದು ಸಾಯುತ್ತದೆ. ಬೆಳೆಸಬಹುದಾದ ಜಾಗ ಕಾಯುವಿಕೆಯೇ ಹೊರತು ಹೊಡೆತವಲ್ಲ. ಗೋಪುರ ಹತ್ತುವುದನ್ನೂ ಬೆಕ್ಕಿನ ಹಿಂದೆ ಓಡುವುದನ್ನೂ ಎಷ್ಟು ಬೆಳೆಸಿದರೂ ನಡೆಯುತ್ತದೆ, ಏಕೆಂದರೆ ಕೆಳಗೆ ಮೂರು ದಿನದ ಗಡುವು ಓಡುತ್ತಿರುತ್ತದೆ.

ನಿಯಮವಿರುವ ಕಣದಲ್ಲಿ ಹೆದರಿಸುವುದು

ತಾವೋನ ಶಿಷ್ಯ ತೆನ್‌ಶಿನ್‌ಹಾನ್. ಹಣೆಯಲ್ಲಿ ಮೂರನೇ ಕಣ್ಣು. ತಾವೋನ ಅಣ್ಣ ತ್ಸುರು ಸೆನ್ನಿನ್ ಅವನ ಗುರು. ಇವನ ಪ್ರವೇಶ 22ನೇ ತೆನ್ಕಾಯ್ಚಿ ಬುದೋಕಾಯ್ ಪಂದ್ಯಾವಳಿಯಲ್ಲಿ ಆಗುವುದರಿಂದ ಕಷ್ಟ ಬೇರೆ ಬಗೆಯದು. ಅಲ್ಲಿ ತೀರ್ಪುಗಾರರಿದ್ದಾರೆ, ಜನರಿದ್ದಾರೆ, ಕೊಂದರೆ ಅನರ್ಹತೆ. ಸಾವಿನ ಬೆದರಿಕೆಯನ್ನೇ ಬಳಸುವಂತಿಲ್ಲ. ತೋರಿಯಾಮಾ ಕಂಡುಕೊಂಡ ದಾರಿ ಇದು: ಎದುರಾಳಿಯಾದ ಗೋಕುವಿನ ಗೆಳೆಯ ಯಾಮ್ಚಾ ಆಗಲೇ ಎಚ್ಚರ ತಪ್ಪಿದ್ದಾನೆ, ಪಂದ್ಯ ಗೆದ್ದಾಗಿದೆ, ಆದರೂ ತೆನ್‌ಶಿನ್‌ಹಾನ್ ಮೇಲಿಂದ ಬಂದು ಮೊಣಕಾಲಿನಿಂದ ಅವನ ಕಾಲನ್ನು ಮುರಿಯುತ್ತಾನೆ. ನಿಯಮ ಮುರಿಯಲಿಲ್ಲ, ಬೇಕಿಲ್ಲದ ಒಂದು ಹೊಡೆತ ಹೆಚ್ಚು ಹಾಕಿದ. ಕೊಲೆ ಕಾಣದ ಕಣದಲ್ಲಿ ಅಷ್ಟೇ ಸಾಕಾಯಿತು.

ಇಲ್ಲಿ ಮಾಂಗಾ ಮತ್ತು ಅನಿಮೆ ಬೇರೆಯಾಗುತ್ತವೆ. ಮಾಂಗಾದಲ್ಲಿ ತೆನ್‌ಶಿನ್‌ಹಾನ್ ಮೊದಲು ಕಾಣುವುದು ಪಂದ್ಯಾವಳಿಯ ಜಾಗದಲ್ಲೇ, ಕಾಮೆ ಸೆನ್ನಿನ್, ತ್ಸುರು ಸೆನ್ನಿನ್ ಎಂಬ ಇಬ್ಬರು ಮುದಿ ಗುರುಗಳು ಕಿತ್ತಾಡುವಾಗ. ಅನಿಮೆ ಅವನನ್ನು ಅದಕ್ಕೂ ಮೊದಲೇ ತಂದಿತು. ಅವನೂ ಗೆಳೆಯ ಚಿಯಾಒತ್ಸುವೂ ಒಂದು ಪ್ರಾಣಿಯನ್ನು ಊರಿನ ಮೇಲೆ ಬಿಟ್ಟು, ಅದನ್ನು ಓಡಿಸಿದಂತೆ ನಾಟಕವಾಡಿ ಹಳ್ಳಿಗರಿಂದ ಹಣ ಕೀಳುತ್ತಾರೆ. ಕಂತು ಚೆನ್ನಾಗಿದೆ, ನಗಿಸುತ್ತದೆ. ಆದರೆ ಚಿಲ್ಲರೆ ಮೋಸಗಾರನಾಗಿ ನೋಡಿದವನನ್ನು ಆಮೇಲೆ ನಿರ್ದಯಿಯಾಗಿ ನಂಬುವುದು ಸ್ವಲ್ಪ ಕಷ್ಟವೇ. ಮಾಂಗಾದ ದಾರಿಯೇ ನನಗೆ ಸರಿ ಎನಿಸುತ್ತದೆ.

ತೆನ್‌ಶಿನ್‌ಹಾನ್‌ನನ್ನು ತಾವೋನಿಂದ ಬೇರೆ ಮಾಡುವುದು ಒಂದೇ: ಅವನು ಬದಲಾಗಬಲ್ಲ. ಗುರುವಿನ ಆಜ್ಞೆಯಂತೆ ಚಿಯಾಒತ್ಸು ಮರೆಯಿಂದ ಗೋಕುವನ್ನು ಮರಗಟ್ಟಿಸುತ್ತಿದ್ದಾನೆ ಎಂದು ತಿಳಿದಾಗ ಅದನ್ನು ನಿಲ್ಲಿಸುತ್ತಾನೆ, ಗುರುವಿಗೇ ತಿರುಗಿ ನಿಲ್ಲುತ್ತಾನೆ. ಫೈನಲ್ ಗೆಲ್ಲುವುದೂ ಅವನೇ, ಅದೂ ಕೂದಲೆಳೆಯಲ್ಲಿ. ಇಬ್ಬರೂ ಆಕಾಶದಿಂದ ಬೀಳುವಾಗ ಗೋಕು ದಾರಿಯಲ್ಲಿ ಹೋಗುತ್ತಿದ್ದ ವಾಹನಕ್ಕೆ ಬಡಿದು ಒಂದು ಗಳಿಗೆ ಮೊದಲು ನೆಲ ಮುಟ್ಟುತ್ತಾನೆ. ಭಯಂಕರ ಪ್ರತಿಸ್ಪರ್ಧಿಯ ಕಥೆ ಮುಗಿಯುವುದು ಮತ್ತೆ ಹಾಸ್ಯದ ನಿಯಮದಲ್ಲೇ.

ಅಳತೆಗೋಲನ್ನು ಪದೇಪದೇ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಯಾಮ್ಚಾ. ಮೊದಮೊದಲು ಗೋಕುವಿಗೆ ಸಮನಾಗಿ ಕಾದಿದ ಮರುಭೂಮಿಯ ದರೋಡೆಕೋರ ಅವನು. ಹೊಸಬರ ಬಲ ತೋರಿಸಲು ಅವನನ್ನೇ ಮತ್ತೆ ಮತ್ತೆ ಸೋಲಿಸಿದ್ದರಿಂದ ಮುಂದೆ ಅವನು ಸೋತರೆ ಯಾರಿಗೂ ಏನೂ ಅನಿಸದಂತಾಯಿತು. 22ನೇ ಪಂದ್ಯಾವಳಿ ಮುಗಿದ ಬೆನ್ನಿಗೇ ಪಿಕ್ಕೊಲೋ ಮಹಾರಾಜನ ಕಥೆ ಶುರು ಮಾಡುವಾಗ ಸಾಯುವವನು ಗೋಕುವಿನ ಆಪ್ತ ಗೆಳೆಯ ಕ್ರಿಲಿನ್. ಬೋರಾನ ಸಾವನ್ನು ಮೀರಿಸಲು ಅಷ್ಟು ದೊಡ್ಡ ಬೆಲೆ ಬೇಕಾಯಿತು.

ತಾವೋ ಬಾಂಬಿಗೆ ಸಾಯಲಿಲ್ಲ. 23ನೇ ಪಂದ್ಯಾವಳಿಗೆ ಅವನು ಅರ್ಧ ಯಂತ್ರದ ಮೈಯೊಂದಿಗೆ, ಕೈಯೊಳಗೆ ಬಚ್ಚಿಟ್ಟ ಕತ್ತಿಯೊಂದಿಗೆ ಮರಳುತ್ತಾನೆ. ಎದುರಾಳಿ ಹಳೇ ಶಿಷ್ಯ ತೆನ್‌ಶಿನ್‌ಹಾನ್. ಲೋಹದ ಕೈ, ಹೊಸ ದೊದೊನ್‌ಪಾ, ಮಾಸದ ಸೇಡು, ಎಲ್ಲವೂ ಮೊದಲಿಗಿಂತ ಹೆಚ್ಚೇ ಇದೆ. ಆದರೆ ಈ ಸಲ ಅವನಿಗಾಗಿ ಮುರಿದ ಅಳತೆಗೋಲು ಒಂದೂ ಇಲ್ಲ, ಅವನ ಶಿಷ್ಯ ಅವನನ್ನು ದಾಟಿ ಹೋದದ್ದನ್ನು ನೋಡುಗರು ಆಗಲೇ ಕಂಡಿದ್ದಾರೆ. ತೆನ್‌ಶಿನ್‌ಹಾನ್ ಒಂದು ಗುದ್ದಿನಲ್ಲಿ ಅವನ ಎಚ್ಚರ ತಪ್ಪಿಸಿ, ತ್ಸುರು ಸೆನ್ನಿನ್‌ಗೆ ಒಪ್ಪಿಸಿ, ಕರೆದುಕೊಂಡು ಹೋಗಿ ಎನ್ನುತ್ತಾನೆ.